ಕೊಳೆಯದ ಸೀಬೆಹಣ್ಣು

ಕೊಳೆಯುವುದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ ಎಂದು ನೀವು ತಿಳಿದುಕೊಂಡಿರಬಹುದು. ನಾನೂ ಹಾಗೇ ತಿಳಿದುಕೊಂಡಿದ್ದೆ. ಒಂದು ಹಣ್ಣನ್ನು ತಂದು ಮೂಲೆಯಲ್ಲಿಟ್ಟು ಮರೆತುಬಿಟ್ಟರೆ ಉಳಿದ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಅದಕ್ಕೆ ಶಿಫಾರಸು ಬೇಡ, ಮೇಲಧಿಕಾರಿಯ ರುಜು ಬೇಡ. ನನ್ನ ಜೀವನದಲ್ಲಿ ಬೇಡವೆಂದರೂ ಕೊಳೆತವು ಎಷ್ಟೋ ಇವೆ: ಎರಡು ದವಡೆ ಹಲ್ಲು, ಟ್ರಂಕಿನಲ್ಲಿಟ್ಟಿದ್ದ ಉಣ್ಣೆಯ ಕೋಟು, ಬಿ.ಎ. ಪಾಸಾದ ಮೇಲೆ ಏನೇನೋ ಆಗುತ್ತೇನೆಂದು ಇಟ್ಟುಕೊಂಡಿದ್ದ ಆಸೆಗಳು. ಆದರೆ ಎಂಬತ್ತರ ದಶಕದ ಆರಂಭದಲ್ಲಿ, ಜಾಲಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ, ಒಂದೇ ಒಂದು ಹಣ್ಣು ಕೊಳೆಯಲಿ ಎಂದು ನಾನು ಕಂಡಕಂಡ ದೇವರಿಗೆಲ್ಲ ಕೈಮುಗಿದೆ. ಅದು ಮಾತ್ರ ಕೊಳೆಯಲೇ ಇಲ್ಲ.

ಆಗ ನಾನು ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ದಿನವಿಡೀ ನಟ್ಟು, ಬೋಲ್ಟು, ಗ್ರೀಸಿನ ಡಬ್ಬಗಳ ನಡುವೆ ಕೂತು, ಸಂಜೆ ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಕೈಯಿಂದ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ. ಅದೇ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಫೋಟೋ ವಿಭಾಗವೆಂದು ಎರಡು ಕೋಣೆಗಳಿದ್ದವು. ಅಲ್ಲಿಯವರು ಬಿಳಿ ಅಂಗಿ ತೊಟ್ಟು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಟರೆ, ನಮ್ಮನ್ನು ಕಂಡು ಮುಖ ಗಂಟಿಕ್ಕುವ ಸಾಹೇಬರೂ ಟೈ ಸರಿಮಾಡಿಕೊಂಡು ನಗುತ್ತಿದ್ದರು. ಅಲ್ಲೊಬ್ಬರು ನಿವೃತ್ತರಾಗುವವರಿದ್ದರು. ಫೋಟೋಗ್ರಫಿಯ ಸರ್ಟಿಫಿಕೇಟು ಇದ್ದವರಿಗೆ ಆ ಜಾಗ ಎಂಬ ಸುದ್ದಿ ಹಬ್ಬಿತ್ತು. ಯಶವಂತಪುರದಲ್ಲಿ ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲೆ ನಡೆಯುತ್ತಿದ್ದ ಸಂಜೆ ತರಗತಿಗೆ ನಾನು ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಗ್ರೀಸಿನ ಮೇಲಿನ ದ್ವೇಷದಿಂದ.

ಎಲ್ಲ ಚೆನ್ನಾಗಿಯೇ ನಡೆದು ಕೊನೆಯ ಪ್ರಾಜೆಕ್ಟು ಬಂತು. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ 'ನಿಶ್ಚಲ ವಸ್ತುಚಿತ್ರ: ಕೊಳೆಯುವ ನೈಸರ್ಗಿಕ ವಸ್ತು' ಎಂದು ಬರೆದು ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. "ಒಂದು ಹಣ್ಣೋ ಹೂವೋ ತಗೊಳ್ರಯ್ಯ. ಅದೇ ಜಾಗ, ಅದೇ ಕಿಟಕಿ, ಅದೇ ಬೆಳಕು. ವಾರಕ್ಕೊಂದು ಫೋಟೋ. ಅದು ಬಾಡಿ, ಸುಕ್ಕಾಗಿ, ಕೊಳೆಯೋದು ಕಾಣ್ಬೇಕು. ಕಾಲ ಅನ್ನೋದು ಕಾಣ್ಬೇಕು ಕಣ್ರಯ್ಯ! ಇನ್ನೊಂದ್ ಮಾತು, ವಸ್ತೂನ ನೋಡ್ಬೇಡಿ, ಬೆಳಕು ನೋಡಿ," ಎಂದರು. ಇದರಲ್ಲಿ ಪಾಸಾಗದವರಿಗೆ ಸರ್ಟಿಫಿಕೇಟು ಇಲ್ಲ ಎಂಬುದನ್ನೂ ಸೇರಿಸಿದರು. ನಾನು ಮನಸ್ಸಿನಲ್ಲೇ ಬಿಳಿ ಅಂಗಿ ತೊಟ್ಟುಕೊಂಡೆ. ಹಣ್ಣು ಕೊಳೆಸುವುದು ಯಾವ ಮಹಾ ಕೆಲಸ ಅನ್ನಿಸಿತು.

ಹಾಗೆ ಅನ್ನಿಸುವಾಗ ನಾನು ನಮ್ಮವ್ವನನ್ನು ಮರೆತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನ ಕಡೆಯಿಂದ ಬಂದು ನನ್ನ ಜೊತೆಗಿದ್ದಳು. ಅವಳ ಆಡಳಿತದಲ್ಲಿ ಯಾವುದಕ್ಕೂ ಕೊಳೆಯಲು ಪರವಾನಗಿ ಇರಲಿಲ್ಲ. ಬದನೆಕಾಯಿಯಲ್ಲಿ ಹುಳ ಕಂಡರೆ ನಾವು ನೀವು ಎಸೆಯುತ್ತೇವೆ. ಅವ್ವ ಈಳಿಗೆಮಣೆಯ ಮುಂದೆ ಕೂತು ಹುಳ ಇದ್ದಷ್ಟನ್ನೇ ಕತ್ತರಿಸಿ, "ಕೊಳತದ್ದು ಕೊಯ್ದು ಒಗೀಬೇಕು, ಚಲೋದು ಇಟಗೋಬೇಕು," ಎನ್ನುತ್ತ ಉಳಿದದ್ದನ್ನು ಪಲ್ಯ ಮಾಡುತ್ತಿದ್ದಳು. ಟೊಮೆಟೊ, ತೆಂಗಿನಕಾಯಿ, ಹರಿದ ಧೋತರ ಎಲ್ಲಕ್ಕೂ ಇದೇ ನಿಯಮ. ನೆಂಟರ ವಿಷಯದಲ್ಲೂ ಅಷ್ಟೆ. ಕುಡಿದು ಬಂದು ಜಗಳವಾಡುವ ನಮ್ಮ ಸೋದರಮಾವನೊಬ್ಬನಿದ್ದ. ಅವನ ಮಾತು ಬಂದಾಗಲೆಲ್ಲ ಅವ್ವ ಕುಡಿತವನ್ನೂ ಜಗಳವನ್ನೂ ಬಿಟ್ಟು, "ಭಜನಿ ಭಾಳ ಚಂದ ಹಾಡತಾನ," ಎಂದಷ್ಟೇ ಹೇಳುತ್ತಿದ್ದಳು. ಕೇಳಿದವರು ಅವನನ್ನು ಸಾಧು ಎಂದುಕೊಳ್ಳುತ್ತಿದ್ದರು.

ಮೊದಲು ಬಾಳೆಹಣ್ಣು ಆರಿಸಿಕೊಂಡೆ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಹಳೆಯ ಛತ್ರಿಯ ಕಪ್ಪು ಬಟ್ಟೆ ಹಾಸಿ, ಒಂದು ಹಿತ್ತಾಳೆಯ ತಂಬಿಗೆ, ಅದರ ಮುಂದೆ ಅರ್ಧ ಚಿಪ್ಪು ಬಾಳೆಹಣ್ಣು. ತಂಬಿಗೆಯೂ ಕಂದಿ ಕಪ್ಪಾಗಲಿ, ಚಿತ್ರಕ್ಕೆ ಮೆರುಗು ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಒಂದು ವಾರದಲ್ಲಿ ಸಿಪ್ಪೆಯ ಮೇಲೆ ಚೆಂದದ ಕಪ್ಪು ಚುಕ್ಕೆಗಳು ಮೂಡಿದವು. ನಾನು ಹಿರಿಹಿರಿ ಹಿಗ್ಗಿದೆ. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಅವ್ವ ಬಿಸಿ ಚಪಾತಿಯ ಜೊತೆ ಶೀಕರಣಿ ಬಡಿಸಿದಳು. ಹಾಲು, ಸಕ್ಕರೆ, ಏಲಕ್ಕಿ ಹಾಕಿ ಹಣ್ಣನ್ನು ಕಿವುಚಿದ ಆ ಶೀಕರಣಿಯ ರುಚಿ ಏನು ಹೇಳಲಿ! ಎರಡನೆಯ ಸಲ ಹಾಕಿಸಿಕೊಂಡು, "ಇವತ್ತೇನು ವಿಶೇಷ?" ಎಂದು ಕೇಳಿದೆ. "ವಿಶೇಷ ಏನೈತಿ, ಕಿಟಕ್ಯಾಗಿನ ಹಣ್ಣು ಕೆಡಾಕ ಹತ್ತಿದ್ವು," ಎಂದಳು. ನನ್ನ ಪ್ರಾಜೆಕ್ಟನ್ನು ನಾನೇ ಬಟ್ಟಲು ನೆಕ್ಕಿ ಮುಗಿಸಿದ್ದೆ. ಸಾಲದ್ದಕ್ಕೆ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ ಮತ್ತೆ ಅದೇ ಜಾಗದಲ್ಲಿ ಇಟ್ಟಿದ್ದಳು.

ತಿನ್ನಲಾಗದ್ದು ಇಡೋಣವೆಂದು ನಾಲ್ಕು ನಿಂಬೆಹಣ್ಣು ತಂದೆ. ಒಂದನ್ನು ಹೋಳು ಮಾಡಿ ಕಪ್ಪು ಬಟ್ಟೆಯ ಮೇಲಿಟ್ಟು, ನೆರಳು ಹೇಗೆ ಬೀಳುತ್ತದೆಂದು ನೋಡಲು ಪಕ್ಕದಲ್ಲೊಂದು ದೀಪ ಹಚ್ಚಿದೆ. ಮನೆಯ ಮಾಲೀಕಳು ಹೊನ್ನಮ್ಮ ಅದೇ ಊರಿನ ಹಳೆಯ ಮನೆತನದ ಹೆಂಗಸು. ಬಾಡಿಗೆ ಕೇಳಲು ಬಂದವಳು ಕಿಟಕಿಯಿಂದ ಇಣುಕಿ, ಬಾಡಿಗೆಯನ್ನೂ ಕೇಳದೆ ಅಂಗಳಕ್ಕೆ ಹಾರಿ ನಿಂತಳು. "ಏನ್ ಸಾಮಿ ಇದು? ಕರೀ ಬಟ್ಟೆ, ನಿಂಬೆಅಣ್ಣು, ದೀಪ! ಓದಿದೋರು ಅಂತ ಮನೆ ಕೊಟ್ರೆ ಇಂಗಾ ಮಾಡಾದು? ಯಾರ್ ಮ್ಯಾಗೆ ಮಾಡಿಸ್ತಾ ಇದೀರಿ ಏಳಿ!" ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು. ಇದು ಫೋಟೋಗ್ರಫಿ, ಕೊಳೆಯುವ ತನಕ ಇಟ್ಟುಕೊಂಡು ಫೋಟೋ ತೆಗೆಯುತ್ತೇನೆ ಎಂದು ನಾನು ವಿವರಿಸಿದೆ. ಅದರಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. ಕೊನೆಗೆ ಅವ್ವನೇ ಬಂದು ಉಪ್ಪಿನಕಾಯಿಗೆ ತಂದದ್ದು ಎಂದು ಹೇಳಿ, ಅವಳೆದುರಿಗೇ ನಾಲ್ಕನ್ನೂ ಕೊಯ್ದು ಭರಣಿಗೆ ಹಾಕಿದಳು.

ಹೀಗೆ ತಂಬಿಗೆಯ ಪಕ್ಕದಲ್ಲಿಡಲು ಉಳಿದದ್ದು ಸೀಬೆಹಣ್ಣು. ಸೀಬೆಹಣ್ಣಿನಿಂದ ಮಾಟ ಮಾಡಿದ್ದನ್ನು ಯಾರೂ ಕೇಳಿಲ್ಲವೆಂದು ಹೊನ್ನಮ್ಮ ಒಪ್ಪಿದಳು. ಅವ್ವನ ಎದುರು ಕೂತು ನಾನು ಅಕ್ಷರಶಃ ಕೈಮುಗಿದೆ. "ಅವ್ವಾ, ನನ್ನ ನೌಕರಿ ಇದರ ಮೇಲೆ ನಿಂತಿದೆ. ಈ ಹಣ್ಣು ತಿನ್ನಬೇಡ, ತಿನ್ನಿಸಬೇಡ, ಎಸೆಯಬೇಡ." ಅವಳು ಹಣ್ಣನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಆತಪಾ, ತಿನ್ನೂದಿಲ್ಲ, ಒಗಿಯೂದಿಲ್ಲ," ಎಂದಳು. ಅವ್ವ ಮಾತು ಕೊಟ್ಟರೆ ತಪ್ಪುವವಳಲ್ಲ.

ಅಲ್ಲಿಂದ ನನ್ನ ನಿಜವಾದ ಸಂಕಟ ಶುರುವಾಯಿತು. ಭಾನುವಾರ ಬೆಳಿಗ್ಗೆ ಮಾತ್ರ ನನಗೆ ಬಿಡುವು, ಆಗಷ್ಟೇ ಕಿಟಕಿಯ ಬೆಳಕೂ ಸರಿಯಾಗಿರುತ್ತಿತ್ತು. ಮೊದಲ ವಾರ ಹಣ್ಣು ತಾಜಾ ಇತ್ತು, ಸಹಜ. ಎರಡನೆಯ ವಾರವೂ ತಾಜಾ ಇತ್ತು. ಬೆಂಗಳೂರಿನ ತಂಪು ಹವೆಯನ್ನು ಬೈದುಕೊಂಡೆ. ಮೂರನೆಯ ವಾರ ಅದಕ್ಕೊಂದು ಎಲೆ ಬಂದಿತ್ತು. ಮೊದಲಿನಿಂದಲೂ ಇತ್ತೇನೋ, ವಸ್ತುವನ್ನು ನೋಡಬೇಡಿ ಎಂದು ಮೇಷ್ಟ್ರು ಹೇಳಿದ್ದನ್ನು ಪಾಲಿಸುತ್ತ ನಾನೇ ಗಮನಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಣ್ಣಿನ ಮೇಲೆ ನೀರು ಚಿಮುಕಿಸಿದೆ, ಬುಟ್ಟಿ ಕವುಚಿ ಸೆಕೆ ಕೊಟ್ಟೆ, ಒಂದು ದಿನ ಯಾರೂ ಇಲ್ಲದಾಗ ಹೆಬ್ಬೆರಳಿನಿಂದ ಒತ್ತಿ ಗಾಯವನ್ನೂ ಮಾಡಿದೆ. ಭಾನುವಾರ ನೋಡಿದರೆ ಗಾಯ ಮಾಯ! ತರಗತಿಯಲ್ಲಿ ಉಳಿದವರು ತಮ್ಮ ತಮ್ಮ ಹಣ್ಣಿಗೆ ಬೂಷ್ಟು ಬಂದದ್ದನ್ನು ಮಗುವಿಗೆ ಹಲ್ಲು ಬಂದಂತೆ ಹೇಳಿಕೊಳ್ಳುತ್ತಿದ್ದರು. ನಾನು ಬೆಂಚಿನ ಮೂಲೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ನಿದ್ದೆ ಬಂದರೆ ಕನಸಿನಲ್ಲಿ ಸೀಬೆಮರ. ಗಡ್ಡ ಕೆರೆಯುವುದೂ ಬೇಡವಾಯಿತು. ಜಗತ್ತಿನಲ್ಲಿ ಎಲ್ಲರಿಗೂ ಸಲೀಸಾಗಿ ಆಗುವುದು ನನಗೆ ಮಾತ್ರ ಆಗುವುದಿಲ್ಲ, ನಾನು ಮುಟ್ಟಿದ ಹಣ್ಣು ಕೂಡ ಕೊಳೆಯುವುದಿಲ್ಲ ಎಂದು ಆ ದಿನಗಳಲ್ಲಿ ನಿಜವಾಗಿಯೂ ನಂಬಿದ್ದೆ.

ಇದ್ದದ್ದು ಒಂದೇ ರೀಲು. ಅದು ಮುಗಿಯುವ ತನಕ ತೊಳೆಯುವಂತಿರಲಿಲ್ಲ. ಕೊನೆಯ ಭಾನುವಾರ ಬಚ್ಚಲುಮನೆಯ ಬೆಳಕಿಂಡಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಾಕಿಕೊಂಡು ಪ್ರಿಂಟು ಹಾಕಿದೆ. ಔಷಧದ ತಟ್ಟೆಯಲ್ಲಿ ಒಂದೊಂದೇ ಚಿತ್ರ ಮೇಲೆದ್ದು ಬಂತು. ಸಾಲಾಗಿ ದಾರಕ್ಕೆ ತೂಗುಹಾಕಿದಾಗ ನನ್ನ ಕಣ್ಣು ತೆರೆಯಿತು. ಮೊದಲನೆಯದು ಉದ್ದನೆಯ ಹಣ್ಣು, ಎರಡನೆಯದು ದುಂಡಗಿನದು, ಮೂರನೆಯದು ಎಲೆಯಿದ್ದದ್ದು, ಕೊನೆಯದು ಸಣ್ಣ ತೆಂಗಿನಕಾಯಿಯಷ್ಟಿತ್ತು. ಬಾಗಿಲು ತೆರೆದು, "ಅವ್ವಾ!" ಎಂದು ಕೂಗಿದೆ.

ಅವಳೇನೂ ಮುಚ್ಚಿಡಲಿಲ್ಲ. "ಒಗೀಬ್ಯಾಡ ಅಂದಿ, ಬ್ಯಾರೇದು ಇಡಬ್ಯಾಡ ಅಂದಿದ್ದೇನು? ಹಳೇವೆಲ್ಲಾ ಅಲ್ಲೇ ಸ್ಟೂಲಿನ ಕೆಳಗ ಗಡಿಗ್ಯಾಗ ಅದಾವ, ನೋಡ," ಎಂದಳು. ನೋಡಿದೆ. ಗಡಿಗೆಯಲ್ಲಿ ಮೂರು ಸೀಬೆಹಣ್ಣುಗಳು, ಯಾವ ಮೇಷ್ಟ್ರಾದರೂ ಅಪ್ಪಿಕೊಳ್ಳುವ ಹಾಗೆ, ಅದ್ಭುತವಾಗಿ ಕೊಳೆತು ಕೂತಿದ್ದವು. "ಫೋಟೋ ತಗಸಾಕ ಮಂದಿ ಪೆಟಗ್ಯಾಗಿನ ರೇಶ್ಮಿ ಸೀರಿ ಉಟಗೊಂಡು ಹೊಕ್ಕಾರ. ನೀ ಕೊಳತ ಹಣ್ಣಿನ ಫೋಟೋ ತಗದು ನಾಕ ಮಂದಿಗೆ ತೋರಸ್ತಿ. ನೋಡಿದವರು ಏನಂತಾರು? ಈ ಮನ್ಯಾಗ ಇಂಥಾದ್ದ ತಿಂತಾರ ಅನ್ನೂದಿಲ್ಲೇನು? ನಾಳೆ ನಿನಗ ಹೆಣ್ಣ ಕೊಡಾವ್ರ ಕಿವಿಗೆ ಬಿದ್ದರ?" ಎಂದಳು. ಹೊಸ ಹಣ್ಣುಗಳನ್ನು ಅವಳು ಪ್ರತಿ ಶನಿವಾರ ಬಿಸಿಲಲ್ಲಿ ಜಾಲಹಳ್ಳಿ ಕ್ರಾಸಿನ ತನಕ ನಡೆದು ಆರಿಸಿ ತರುತ್ತಿದ್ದಳಂತೆ. ಮೊಣಕಾಲು ನೋವಿನ ಹೆಂಗಸು. ನನಗೆ ಸಿಟ್ಟು ಬಂತು, ಅಳು ಬಂತು. ಎರಡರಲ್ಲಿ ಯಾವುದನ್ನೂ ಸರಿಯಾಗಿ ಮಾಡಲಾಗದೆ ಬಚ್ಚಲುಮನೆಗೆ ಹೋಗಿ ಕಂಬಳಿ ಬಿಚ್ಚಿದೆ.

ಬೇರೆ ದಾರಿಯಿಲ್ಲದೆ ಅವೇ ಚಿತ್ರಗಳನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ನಿಂತೆ. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಹಣ್ಣು ದಿನೇ ದಿನೇ ಚೆನ್ನಾಗ್ತಾ ಇದೆಯಲ್ಲಯ್ಯ," ಎಂದರು. "ಆದ್ರೆ ಈ ಚೊಂಬಿನೊಳಗೆ ಇರೋರು ಯಾರು?" ಎಂದು ಬೆರಳಿಟ್ಟರು. ಬಗ್ಗಿ ನೋಡಿದರೆ ನಾನೇ! ಅವ್ವ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ ತಂಬಿಗೆಯಲ್ಲಿ ಕ್ಯಾಮೆರಾದ ಹಿಂದೆ ನಿಂತ ನನ್ನ ಮುಖ ಮೂಡಿತ್ತು. ಮೊದಲ ವಾರ ತಲೆ ಬಾಚಿಕೊಂಡು ಹುಮ್ಮಸ್ಸಿನಲ್ಲಿದ್ದ ಯುವಕ. ಎರಡನೆಯ ವಾರ ಕಣ್ಣು ಗುಳಿಬಿದ್ದಿತ್ತು. ಮೂರನೆಯ ವಾರ ಕುರುಚಲು ಗಡ್ಡ, ಕುಸಿದ ಕೆನ್ನೆ. ಕೊನೆಯದರಲ್ಲಿ ತಲೆಗೆ ಟವೆಲು ಸುತ್ತಿಕೊಂಡ ಯಾವುದೋ ಮುದುಕ. "ಅದೇ ಜಾಗ, ಅದೇ ಬೆಳಕು. ಕಾಲ ಕಾಣ್ತಿದೆ," ಎಂದು ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. "ಮನುಷ್ಯನೂ ನೈಸರ್ಗಿಕ ವಸ್ತುವೇ, ಬಿಡು," ಎಂದು ಪಾಸು ಮಾಡಿದರು.

ಸರ್ಟಿಫಿಕೇಟು ಹಿಡಿದು, ಅವೇ ಚಿತ್ರಗಳನ್ನು ಲಕೋಟೆಯಲ್ಲಿಟ್ಟುಕೊಂಡು ಫೋಟೋ ವಿಭಾಗದ ಸಂದರ್ಶನಕ್ಕೆ ಹೋದೆ. ಅಲ್ಲಿನ ಅಧಿಕಾರಿ ಸಜ್ಜನರು. ಒಂದೊಂದೇ ಚಿತ್ರ ತಿರುವುತ್ತ ಹೋದಂತೆ ಅವರ ಮುಖದಲ್ಲಿ ಕನಿಕರ ಹೆಚ್ಚಾಯಿತು. "ಕೆಲಸ ಅಚ್ಚುಕಟ್ಟಾಗಿದೆ ಕಣ್ರೀ. ಆದ್ರೆ ಇಲ್ಲಿ ಓಡಾಟ ಜಾಸ್ತಿ, ಏಣಿ ಹತ್ತಬೇಕು. ನಿಮ್ಮ ಆರೋಗ್ಯ ಹಿಂಗಿರುವಾಗ..." ಎಂದು ನಿಲ್ಲಿಸಿದರು. ಸ್ಟೋರ್ಸ್ ವಿಭಾಗದಲ್ಲಿ ಕೂತು ಮಾಡುವ ಕೆಲಸವೇ ನನಗೆ ಕ್ಷೇಮ ಎಂದು ಬುದ್ಧಿ ಹೇಳಿ, ಬಾಗಿಲ ತನಕ ಬಂದು ಬೀಳ್ಕೊಟ್ಟರು. ನಾನು ಮತ್ತೆ ಗ್ರೀಸಿನ ಡಬ್ಬಗಳ ನಡುವೆ ಹೋಗಿ ಕೂತೆ.

ಒಂದು ವಾರದ ನಂತರ ಸಂಜೆ ಮನೆಗೆ ಬಂದಾಗ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಒಂದು ಹೊಸ ಚೌಕಟ್ಟು ನೇತಾಡುತ್ತಿತ್ತು. ನನ್ನ ಕೊನೆಯ ಚಿತ್ರ. ಹೊನ್ನಮ್ಮ ಅದರೆದುರು ನಿಂತು, "ಅಣ್ಣು ಬಲೇ ಸಂದಾಗೈತೆ ಕಣಮ್ಮ," ಎಂದು ಹೊಗಳುತ್ತಿದ್ದಳು. ಎಷ್ಟಾದರೂ ಹೆತ್ತ ಕರುಳು, ಮಗನ ಕಲೆಯನ್ನು ಅವ್ವನಾದರೂ ಗುರುತಿಸಿದಳಲ್ಲ ಎಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ಚೌಕಟ್ಟಿನ ತುಂಬ ಸೀಬೆಹಣ್ಣೊಂದೇ ಇತ್ತು. ತಂಬಿಗೆ ಇರಲಿಲ್ಲ.

"ತಂಬಿಗಿ ಎಲ್ಲಿ?" ಎಂದು ಕೇಳಿದೆ.

"ಅದರಾಗ ನಿನ್ನ ಮಾರಿ ಭಾಳ ಕೆಟ್ಟಿತ್ತಪಾ. ನೋಡಿದವರು ಅವ್ವ ಊಟಕ್ಕ ಹಾಕೂದಿಲ್ಲ ಅಂತಾರ," ಎಂದಳು ಅವ್ವ, ಚಪಾತಿಯ ಹಿಟ್ಟು ನಾದುತ್ತ. "ಅಷ್ಟ ಕತ್ರಿಸಿ ಒಗದು, ಚಲೋದು ಇಟಗೊಂಡೆ."