ನಾನು ಕರೆಂಟಿಗೆ ಕ್ಯಾಟಲಾಗ್ ಮಾಡಿದ್ದು

"ಇನ್ನು ಈ ಮನೆಯಲ್ಲಿ ಕತ್ತಲೆ ಅನ್ನೋದೇ ಇರೋದಿಲ್ಲ!"

ಊಟದ ಮೇಜಿನ ಮುಂದೆ ನಿಂತು, ಮೊಬೈಲನ್ನು ಬಾವುಟದ ಹಾಗೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ ಹೆಂಡತಿ ತಲೆ ಎತ್ತಲಿಲ್ಲ. ಅತ್ತೆಯವರು ಮಾತ್ರ ತಮ್ಮ ಮೊಬೈಲಿನಿಂದ ಕಣ್ಣು ಕಿತ್ತು, "ಹಾಗಾದ್ರೆ ಮಲಗೋದು ಹೇಗೆ ಅಳಿಯಂದ್ರೇ?" ಅಂತ ಕೇಳಿದರು.

ಅತ್ತೆಯವರ ಪ್ರಶ್ನೆಗಳಿಗೆ ಉತ್ತರ ಕೊಡುವ ಚಟವನ್ನು ನಾನು ಮದುವೆಯಾದ ವರ್ಷವೇ ಬಿಟ್ಟಿದ್ದೇನೆ.

ನಮ್ಮ ಮನೆ ಗುಡ್ಡದ ನೆತ್ತಿಯ ಮೇಲಿದೆ. ಗಾಳಿ ಚೆನ್ನಾಗಿದೆ, ನೋಟ ಚೆನ್ನಾಗಿದೆ. ಕರೆಂಟು ಕಂಬ ಮಾತ್ರ ಗುಡ್ಡದ ಬುಡಕ್ಕೇ ಸುಸ್ತಾಗಿ ನಿಂತುಬಿಟ್ಟಿದೆ. ಮೊಬೈಲ್ ಸಿಗ್ನಲ್ಲೂ ಅದರ ಪಕ್ಕದಲ್ಲೇ ಕೂತಿದೆ. ಹಾಗಾಗಿ ಕರೆಂಟನ್ನು ನಾವೇ ಹುಟ್ಟಿಸಿಕೊಳ್ಳಬೇಕು. ಚಾವಣಿಯ ಮೇಲೆ ಸೋಲಾರ್ ಫಲಕಗಳು, ಅಂಗಳದಲ್ಲಿ ಮನಸ್ಸು ಬಂದಾಗ ತಿರುಗುವ ಒಂದು ಗಾಳಿಯಂತ್ರ, ಹಿತ್ತಲ ಕೋಣೆಯಲ್ಲಿ ಬ್ಯಾಟರಿಗಳು. ಇವೆಲ್ಲ ಕೈಕೊಟ್ಟರೆ ಕೊನೆಯ ಆಸರೆಗೆ ಒಂದು ಡೀಸೆಲ್ ಜನರೇಟರ್. ಚಾವಣಿಯ ಮೇಲಿನ ಡಿಶ್ ತಟ್ಟೆಯಿಂದ, ಉಪಗ್ರಹದ ಕೃಪೆಯಲ್ಲಿ ಇಂಟರ್ನೆಟ್ ಬರುತ್ತದೆ. ನಮ್ಮ ಮನೆಗೆ ಫೋನ್ ಮಾಡುವುದಿದ್ದರೂ ಅದರ ಮೂಲಕವೇ.

ಈಗ ಇಷ್ಟನ್ನೂ ಫೋನಿನಲ್ಲಿ ನೋಡುವ, ಎಲ್ಲೇ ಇದ್ದರೂ ಬೆರಳಲ್ಲೇ ನಡೆಸುವ ಒಂದು ಆಪ್ ಬಂದಿತ್ತು. ಅದನ್ನು ಜೋಡಿಸಿಕೊಟ್ಟ ಮೆಕ್ಯಾನಿಕ್ ಹೋಗುವಾಗ, "ಸಾರ್, ಎಷ್ಟು ಬೇಕಾದ್ರೂ ನೋಡಿ. ಸೆಟ್ಟಿಂಗ್ಸ್ ಮಾತ್ರ ಮುಟ್ಟಬೇಡಿ" ಅಂದಿದ್ದ. ಮುಟ್ಟಬೇಡಿ ಅಂದ ಮೇಲೆ ಕೈ ಸುಮ್ಮನಿರುತ್ತದೆಯೇ?

ಅದೂ ನನ್ನ ಕೈ! ನಾನು ಗ್ರಂಥಾಲಯದಲ್ಲಿ ಪುಸ್ತಕ ವಿಂಗಡಿಸುವವನು. ಬಂದ ಪುಸ್ತಕ ಯಾವ ವಿಷಯಕ್ಕೆ ಸೇರಿದ್ದು, ಯಾವ ಕಪಾಟಿಗೆ ಹೋಗಬೇಕು ಅಂತ ತೀರ್ಮಾನಿಸಿ ಬೆನ್ನಿಗೆ ಚೀಟಿ ಅಂಟಿಸಿದೆ ಅಂದರೆ, ಆಮೇಲೆ ಬ್ರಹ್ಮ ಬಂದರೂ ಅದು ಕದಲುವುದಿಲ್ಲ. ಒಂದು ಪುಸ್ತಕಕ್ಕೆ ಒಂದೇ ಜಾಗ. ಆ ಆಪ್ ಏನು ಕೇಳಿತು ಗೊತ್ತೇ? 'ನಿಮ್ಮ ಮನೆಯ ಉಪಕರಣಗಳನ್ನು ಗುಂಪು ಮಾಡಿ. ಬ್ಯಾಟರಿ ಇಳಿದಾಗ ಯಾವ ಗುಂಪನ್ನು ಮೊದಲು ಆರಿಸಬೇಕು, ತಿಳಿಸಿ.' ಜನ್ಮ ಸಾರ್ಥಕವಾಯಿತು ಅನ್ನಿಸಿತು. ಫ್ರಿಜ್ಜಿಗೆ 'ಆಹಾರ' ಅಂತ ಚೀಟಿ ಹಚ್ಚಿದೆ. ಪಂಪು, ಗೀಸರು 'ಆರೋಗ್ಯ'. ಇಂಟರ್ನೆಟ್ ಪೆಟ್ಟಿಗೆಯ ಹತ್ತಿರ ಮಾತ್ರ ಸ್ವಲ್ಪ ತಡೆದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅತ್ತೆಯವರ ಮೊಬೈಲು, "ಮೈ ಲಾರ್ಡ್, ಈ ಸಾಕ್ಷಿ ಸುಳ್ಳು!" ಅಂತ ಕಿರುಚಿತು. ಅವರು ಬೆಳಗಿನಿಂದ ಸಂಜೆವರೆಗೆ ನೋಡುವುದು ಕೋರ್ಟಿನ ವಿಡಿಯೋಗಳನ್ನೇ. ಸರಿ, ಇಂಟರ್ನೆಟ್ ಪೆಟ್ಟಿಗೆ ಸೇರಬೇಕಾದದ್ದು 'ಮನರಂಜನೆ'ಗೆ! ಬ್ಯಾಟರಿ ಅರ್ಧಕ್ಕೆ ಇಳಿದರೆ ಮೊದಲು ಮನರಂಜನೆ ಬಂದ್! ಚೀಟಿ ಅಂಟಿಸಿ, ಎದ್ದು, ಮೈ ಮುರಿದೆ.

ಇನ್ನು 'ಶಿಕ್ಷಣ' ವಿಭಾಗದಲ್ಲಿ ಇದ್ದದ್ದು ಒಂದೇ ವಸ್ತು: ಕಾವು ಪೆಟ್ಟಿಗೆ.

ನನ್ನ ಹೆಂಡತಿ ಮೇಡಂ. ಅಂದರೆ ನಿಜವಾಗಿಯೂ ಶಾಲೆಯ ಮೇಡಂ. ಮಕ್ಕಳಿಗೆ ಮೊಟ್ಟೆ ಮರಿಯಾಗುವುದನ್ನು ತೋರಿಸಬೇಕು ಅಂತ ತರಗತಿಗೆ ಒಂದು ಕಾವು ಪೆಟ್ಟಿಗೆ ತರಿಸಿದ್ದಳು. ಒಂದೊಂದು ಮಗುವಿಗೆ ಒಂದೊಂದು ಮೊಟ್ಟೆ. ಮಕ್ಕಳು ಪೆನ್ಸಿಲಿನಲ್ಲಿ ಅದರ ಮೇಲೆ ಹೆಸರು ಬರೆದಿದ್ದರು. ನಡುವೆ ರಜೆ ಬಂತು ಅಂತ ಪೆಟ್ಟಿಗೆ ನಮ್ಮ ಮನೆಗೆ ಬಂದಿತ್ತು. ರಜೆ ಮುಗಿದು ಸೋಮವಾರ ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಮರಿಗಳು ಹೊರಬರಬೇಕು. ಅವಳು ಮಕ್ಕಳಿಗೆ ಮಾತು ಕೊಟ್ಟಿದ್ದಳು.

ಭಾನುವಾರ ನಮ್ಮ ಮುಖ್ಯ ಗ್ರಂಥಪಾಲಕರ ಬೀಳ್ಕೊಡುಗೆ ಇತ್ತು.

"ನಾನು ಬರೋಲ್ಲ ರೀ. ಇನ್ನೊಂದು ದಿನದಲ್ಲಿ ಒಡೆಯೋ ಮೊಟ್ಟೆ. ಪೆಟ್ಟಿಗೆ ಒಂದು ಗಳಿಗೆ ಆರಿದ್ರೂ ಕಷ್ಟ."

"ನಾನಿದ್ದೀನಲ್ಲ! ಮೊಟ್ಟೆ ನನ್ನ ಅಂಗೈಯಲ್ಲೇ ಇದೆ ಅಂತ ತಿಳ್ಕೋ!" ಅಂತ ಮೊಬೈಲ್ ತೋರಿಸಿದೆ.

"ಅದೇ ಭಯ" ಅಂದಳು. ಆದರೂ ಬಂದಳು. ಅವಳು ನನ್ನ ಮಾತು ನಂಬಿದ್ದು ಅದೇ ಮೊದಲು ಅಂತ ಕಾಣುತ್ತೆ. ಅತ್ತೆಯವರನ್ನು ಮೊಟ್ಟೆಗಳ ಕಾವಲಿಗೆ ಬಿಟ್ಟು ಹೊರಟೆವು.

ಬೀಳ್ಕೊಡುಗೆಯಲ್ಲಿ ಭಾಷಣಗಳ ಮಧ್ಯೆ ನಾನು ಮೊಬೈಲ್ ತೆಗೆದು ಪಕ್ಕದವರಿಗೆ ತೋರಿಸತೊಡಗಿದೆ. "ನೋಡಿ, ಇದು ನನ್ನ ಬ್ಯಾಟರಿ. ಇದು ನನ್ನ ಬಿಸಿಲು!"

ಬೈಂಡಿಂಗ್ ವಿಭಾಗದವರಿಗೆ ಇಂಥದ್ದೆಲ್ಲ ಕಂಡರೆ ಆಗುವುದಿಲ್ಲ. "ನೋಡೋದೇನು ಮಹಾ, ನಡೆಸೋಕೂ ಬರುತ್ತೋ?" ಅಂದರು.

ಬರುತ್ತೋ ಅಂತೆ! ಅಲ್ಲೇ ಪಂಪು ಹಾಕಿದೆ. ಗೀಸರ್ ಹಾಕಿದೆ. ಪರದೆಯ ಮೇಲೆ ಎರಡೂ ಹಸಿರಾಗಿ ಹೊಳೆದವು. ಸುತ್ತಲಿನವರು "ಆಹಾ!" ಅಂದರು. ಆ ಆಹಾಕಾರದಲ್ಲಿ, ಹಾಕಿದ್ದನ್ನು ಆರಿಸಬೇಕು ಅನ್ನುವುದು ತಲೆಯಿಂದ ಹಾರಿಹೋಯಿತು. ಊಟಕ್ಕೆ ಕರೆದರು. ಹೋದೆ. ಎರಡು ಸಲ ಬಡಿಸಿಕೊಂಡೆ.

ಕೈ ತೊಳೆದು ಕಿಟಕಿಯಿಂದ ನೋಡಿದರೆ ಆಕಾಶ ಬೂದಿ ಬಣ್ಣ. ಆಪ್ ತೆರೆದೆ. ಬ್ಯಾಟರಿ ಅರ್ಧ ಅಂತ ತೋರಿಸಿತು. ಗೀಸರ್ ಆರಿಸೋಣ ಅಂತ ಬೆರಳು ಇಡುವಷ್ಟರಲ್ಲಿ ಪರದೆ ಪೂರ್ತಿ ಬೆಳ್ಳಗಾಗಿ ಒಂದು ಸಾಲು ಬಂತು: 'ನಿಮ್ಮ ಮನೆಯ ಸಂಪರ್ಕ ಕಡಿದಿದೆ.'

ಒತ್ತಿದೆ. ತಿಕ್ಕಿದೆ. ಮೊಬೈಲನ್ನು ಜಾಡಿಸಿದೆ. ಮನೆ ಇಲ್ಲ!

ಹೆಂಡತಿ ದೂರದಿಂದಲೇ ನನ್ನ ಮುಖ ನೋಡಿ ಎದ್ದು ಬಂದಳು. "ಏನ್ರೀ?"

"ಏನೂ ಇಲ್ಲ. ಇಂಟರ್ನೆಟ್ ಸ್ವಲ್ಪ..."

ಅವಳು ತನ್ನ ಫೋನಿನಿಂದ ಅಮ್ಮನಿಗೆ ಕರೆ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಹೋಗಲಿಲ್ಲ. ಅವಳು ಕೈಚೀಲ ಎತ್ತಿಕೊಂಡು ನೇರವಾಗಿ ಕಾರಿನ ಕಡೆ ನಡೆದಳು. ಮುಖ್ಯ ಗ್ರಂಥಪಾಲಕರು ಆಗಷ್ಟೇ ಕಣ್ಣೊರೆಸಿಕೊಂಡು ಮಾತಾಡಲು ಎದ್ದಿದ್ದರು. ನಾನು ಅವರಿಗಿಂತ ಮೊದಲೇ ಬೀಳ್ಕೊಂಡೆ.

ನನ್ನ ಹೆಂಡತಿ ಬೈದರೆ ನನಗೆ ಭಯವಿಲ್ಲ. ಪ್ರಶ್ನೆ ಕೇಳಲು ಶುರು ಮಾಡಿದಳೋ, ಮುಗಿಯಿತು ಕಥೆ! ಕಾರು ಹೊರಡುತ್ತಿದ್ದ ಹಾಗೆ ಶುರುವಾಯಿತು.

"ಇಂಟರ್ನೆಟ್ ಯಾಕೆ ಹೋಯ್ತು?"

"ಬ್ಯಾಟರಿ ಅರ್ಧಕ್ಕೆ ಇಳಿದ್ರೆ ಹೋಗುತ್ತೆ."

"ಹಾಗಂತ ಯಾರು ಹೇಳಿದ್ದು ಅದಕ್ಕೆ?"

"ನಾನೇ. ಅದು ಮನರಂಜನೆ ವಿಭಾಗದಲ್ಲಿದೆ."

ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. "ಅಂದ್ರೆ, ಮನೇನ ನೋಡೋ ಕಣ್ಣನ್ನೇ ಮೊದಲು ಕೀಳು ಅಂತ ಹೇಳಿಟ್ಟಿದ್ದೀರಿ."

"ಹಾಗಲ್ಲ, ಅತ್ತೆ ಅದರಲ್ಲಿ ಬರೀ..."

"ಇರಲಿ. ಬ್ಯಾಟರಿ ಯಾಕೆ ಇಳೀತು?"

"ಪಂಪು, ಗೀಸರು ಹಾಕಿದ್ದೆ. ತೋರಿಸೋಕೆ."

"ಬ್ಯಾಟರಿ ಇನ್ನೂ ಇಳಿದ್ರೆ ಅವೂ ತಾವಾಗಿ ಆರಲ್ವಾ?"

"ನಾವೇ ಕೈಯಾರೆ ಹಾಕಿದ್ದನ್ನು ಅದು ಆರಿಸಲ್ಲ. ಮಾಲೀಕರು ಹಾಕಿದ್ದು, ಮಾಲೀಕರೇ ಆರಿಸಲಿ ಅನ್ನೋ ಮರ್ಯಾದೆ ಅದಕ್ಕೆ."

"ಜನರೇಟರ್? ಅದು ತಾನಾಗೇ ಶುರು ಆಗುತ್ತೆ ಅಂದಿದ್ರಿ."

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯವಿರಲಿಲ್ಲ. "ಆಗುತ್ತೆ. ಭಾನುವಾರ ಮಧ್ಯಾಹ್ನ ಮಾತ್ರ ಆಗಲ್ಲ."

"ಭಾನುವಾರ ಮಧ್ಯಾಹ್ನ ಅದಕ್ಕೇನು ರಜೆಯಾ?"

"ನಾನು ಮಲಗ್ತೀನಲ್ಲ. ಗಡಗಡ ಅಂತ ಸದ್ದು..."

ಕೊನೆಗೆ ಅವಳೇ, ತನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳುವವಳ ಹಾಗೆ, "ಅಮ್ಮ ಹಿತ್ತಲ ಕೋಣೆಗೆ ಹೋಗಿ ಕೈಯಲ್ಲೇ ಜನರೇಟರ್ ಶುರು ಮಾಡಿರ್ತಾರೆ ಬಿಡಿ" ಅಂದಳು.

ಆಗ ರಸ್ತೆಯಲ್ಲಿ ಒಂದು ಗುಂಡಿ ಬಂತು. ನನ್ನ ಜೇಬಿನಲ್ಲಿ ಏನೋ ಝಲ್ ಎಂದಿತು.

"ಅದೇನ್ರೀ?"

"ಹಿತ್ತಲ ಕೋಣೆ ಬೀಗದ ಕೈ. ಯಾರೂ ಸೆಟ್ಟಿಂಗ್ಸ್ ಮುಟ್ಟಬಾರದು ಅಂತ..."

ಅವಳು ಬೈಯಲಿಲ್ಲ ಸ್ವಾಮಿ! ಕಿಟಕಿಯ ಕಡೆ ತಿರುಗಿ, "ಒಂದೊಂದು ಮೊಟ್ಟೆ ಮೇಲೂ ಒಂದೊಂದು ಮಗುವಿನ ಹೆಸರಿದೆ. ನಿನ್ನ ಮರಿ ಬರಲ್ಲ ಪುಟ್ಟಾ ಅಂತ ಯಾರಿಗೆ ಮೊದಲು ಹೇಳಲಿ?" ಅಂದಳು. ಅವಳ ದನಿ ನಡುಗಿತು. ನಗೆಪಾಟಲಾಗುವುದು ನನಗೆ ಹೊಸದಲ್ಲ. ಆದರೆ ಆ ಮಕ್ಕಳ ಮುಖ ನೆನೆದು ನನಗೂ ಅಳು ಬಂತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಅವನು ತನ್ನ ಕಂಪ್ಯೂಟರಿನಲ್ಲಿ ಹುಡುಕಿ, "ಮೇಡಂ, ನಿಮ್ಮ ಮನೆ ಇಲ್ಲಿ ಕಾಣ್ತಾನೇ ಇಲ್ಲ. ಮನೆ ಇದೆ ತಾನೆ?" ಅಂದ.

ಗುಡ್ಡದ ತಿರುವುಗಳಲ್ಲಿ ನಾನು ಕಾರು ಓಡಿಸಿದ ರೀತಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೊನೆಯ ತಿರುವಿನಲ್ಲಿ ನೀರು ಎದುರಾಯಿತು. ನಮ್ಮ ಟ್ಯಾಂಕು ತುಂಬಿ, ಚಾವಣಿಯಿಂದ ಧುಮುಕಿ, ಮೆಟ್ಟಿಲಿಳಿದು, ನಮ್ಮನ್ನು ಸ್ವಾಗತಿಸಲು ರಸ್ತೆಯವರೆಗೆ ಬಂದಿತ್ತು. ಪಂಪಿನ ಸದ್ದಿಲ್ಲ. ದೀಪವಿಲ್ಲ. ಬ್ಯಾಟರಿ ಪೂರ್ತಿ ಮಲಗಿದೆ ಅಂತ ಬಾಗಿಲಲ್ಲೇ ಗೊತ್ತಾಯಿತು. ನಾನು ಹಿತ್ತಲ ಕೋಣೆಗೆ ಓಡಿ, ಬೀಗ ತೆಗೆದು, ಜನರೇಟರಿನ ಹಗ್ಗ ಎಳೆದೆ. ಅದು ಗಡಗಡ ಅಂದಾಗ ಅದರಷ್ಟು ಇಂಪಾದ ಸಂಗೀತ ಇನ್ನೊಂದಿಲ್ಲ ಅನ್ನಿಸಿತು.

ಒಳಗೆ ಬಂದರೆ ಹೆಂಡತಿ ಕೋಣೆಯ ಮಧ್ಯೆ ಕಲ್ಲಿನ ಹಾಗೆ ನಿಂತಿದ್ದಳು. ಮೇಜಿನ ಮೇಲೆ ಕಾವು ಪೆಟ್ಟಿಗೆ ಇರಲಿಲ್ಲ! ಅತ್ತೆಯವರೂ ಇರಲಿಲ್ಲ.

"ಅಮ್ಮಾ!"

"ಬಾಗಿಲು ಹಾಕ್ಕೊಂಡು ಬನ್ನಿ, ಬಿಸಿ ಹೋಗುತ್ತೆ!" ದನಿ ಬಂದದ್ದು ಬಚ್ಚಲುಮನೆಯಿಂದ.

ಬಾಗಿಲು ತೆಗೆದರೆ ಹಬೆಯೋ ಹಬೆ. ಸ್ಟೂಲಿನ ಮೇಲೆ ಕಾವು ಪೆಟ್ಟಿಗೆ. ಅದರ ಸುತ್ತ ಮನೆಯಲ್ಲಿದ್ದ ಬಕೆಟ್ಟು, ಪಾತ್ರೆ, ಕೊಡಗಳಲ್ಲೆಲ್ಲ ಬಿಸಿನೀರು. ಪೆಟ್ಟಿಗೆಗೆ ಹೊದಿಸಿದ್ದು ನನ್ನ ಚಳಿಗಾಲದ ಕೋಟು. ಪಕ್ಕದಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಅತ್ತೆಯವರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರುತ್ತಾ ಕೂತಿದ್ದಾರೆ.

"ದೀಪ ಹೋಯ್ತು. ಪೆಟ್ಟಿಗೆ ಮುಳ್ಳು ಇಳಿಯೋಕೆ ಶುರುವಾಯ್ತು. ನನಗಂತೂ ಕೈಕಾಲೇ ಆಡಲಿಲ್ಲ" ಅಂದರು ಮಗಳಿಗೆ. "ಮುಖ ತೊಳೆಯೋಣ ಅಂತ ನಲ್ಲಿ ತಿರುಗಿಸಿದ್ರೆ ಕೈ ಸುಟ್ಟುಹೋಯ್ತು. ಗೀಸರ್ ತುಂಬಾ ಕುದಿಯೋ ನೀರು! ಯಾವ ಪುಣ್ಯಾತ್ಮರು ಹಾಕಿಟ್ಟಿದ್ರೋ! ಪೆಟ್ಟಿಗೇನ ಇಲ್ಲಿಗೇ ಎತ್ಕೊಂಡು ಬಂದೆ."

ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನನ್ನ ಕೇಸು ತೀರ್ಪಿಗೆ ಬಂದಿತ್ತು. ಜಡ್ಜು 'ಆದ್ದರಿಂದ' ಅಂದ್ರು. ಅಷ್ಟಕ್ಕೇ ಇಂಟರ್ನೆಟ್ ನಿಂತುಹೋಯ್ತು. ಆದ್ದರಿಂದ ಏನು?"

ನಾನು ಬಾಯಿ ತೆರೆಯುವ ಮೊದಲೇ ಕೋಟಿನ ಒಳಗಿಂದ ಒಂದು ಸದ್ದು ಬಂತು. ಟಕ್. ಮತ್ತೆ ಟಕ್. ಹೆಂಡತಿ ಒದ್ದೆ ನೆಲದ ಮೇಲೆ ಮಂಡಿಯೂರಿ ಗಾಜಿನೊಳಗೆ ನೋಡಿದಳು. ಒಂದು ಮೊಟ್ಟೆ ಬಿರುಕು ಬಿಟ್ಟು, ಸಣ್ಣ ಕೊಕ್ಕು ಹೊರಗೆ ಬಂದಿತ್ತು. ಅವಳು ನಗುತ್ತಾ ಅತ್ತುಬಿಟ್ಟಳು.

"ನೋಡಿದೆಯಾ, ನಾನು ಹೇಳಿರಲಿಲ್ಲವೇ..." ಅಂತ ನಾನು ಶುರು ಮಾಡಿದೆ.

"ಫೋನ್ ಕೊಡಿ" ಅಂದಳು. ಕೊಟ್ಟೆ. ಏನೇನೋ ಒತ್ತಿ ವಾಪಸು ಕೊಟ್ಟಳು. ಈಗ ಆ ಆಪ್ ತೆರೆದರೆ ನನ್ನ ಹೆಸರಿನ ಮುಂದೆ 'ನೋಡಬಹುದು' ಅಂತಷ್ಟೇ ಬರುತ್ತದೆ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತು ತರಗತಿಗೆ ತಂದಿಟ್ಟವನು ನಾನೇ. ಜೊತೆಗೆ ಅತ್ತೆಯವರೂ ಬಂದರು. ಒಂದೂ ಕಡಿಮೆಯಿಲ್ಲದಂತೆ ಹಳದಿ ಮರಿಗಳು ಚಿಂವ್‌ಗುಟ್ಟುತ್ತಿದ್ದವು. ಮಕ್ಕಳ ಕೂಗಿಗೆ ಹಂಚು ಹಾರುವುದೊಂದು ಬಾಕಿ! ಹೆಂಡತಿ ಅವರನ್ನು ಕೂರಿಸಿ, ಕರೆಂಟು ಹೋದದ್ದನ್ನು, ಅಜ್ಜಿ ಬಚ್ಚಲುಮನೆಯಲ್ಲಿ ಮರಿಗಳನ್ನು ಕಾಪಾಡಿದ್ದನ್ನು ಹೇಳಿದಳು. ಕರೆಂಟು ಯಾಕೆ ಹೋಯಿತು ಅನ್ನುವಲ್ಲಿಗೆ ಬಂದಾಗ ನಾನು ಮೆಲ್ಲಗೆ ಬಾಗಿಲ ಕಡೆ ಸರಿಯತೊಡಗಿದೆ. ಅವಳು ಆ ಭಾಗವನ್ನು ಹಾರಿಸಿಬಿಟ್ಟಳು. ಬದುಕಿದೆ ಅಂದುಕೊಂಡೆ.

ಅಷ್ಟರಲ್ಲಿ ಮುಂದಿನ ಬೆಂಚಿನ ಒಂದು ಪುಟ್ಟ ಹುಡುಗಿ ತನ್ನ ಮರಿಯನ್ನು ಅಂಗೈಯಲ್ಲಿ ಹಿಡಿದು ನನ್ನತ್ತ ನೋಡಿದಳು. "ಮಿಸ್, ಆವಾಗ ಈ ಅಂಕಲ್ ಏನು ಮಾಡಿದ್ರು?"

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ನನ್ನ ಮಾನ ಅವಳ ನಾಲಿಗೆಯ ತುದಿಯಲ್ಲಿತ್ತು.

"ಇವರಾ? ಇವರು ನೀರು ಕಾಯಿಸಿದ್ರು ಪುಟ್ಟಾ" ಅಂದಳು.

ಇಡೀ ತರಗತಿ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವರು ನಮ್ಮ ಅತ್ತೆಯವರು.