ಅತ್ತೆ ಕಟ್ಟಿದ ನಲವತ್ತೊಂದು ಪಾರ್ಸೆಲ್ಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಬಾಡಿಗೆ ಮನೆಯಲ್ಲಿ ಇದ್ದವರಲ್ಲ. ಇದ್ದಿದ್ದರೆ ‘ಮನೆ ಬದಲಾಯಿಸಿ ನೋಡು’ ಎಂದು ಮೂರನೆಯದನ್ನೂ ಸೇರಿಸುತ್ತಿದ್ದರು. ಷರತ್ತಪ್ಪನವರು ಆ ಮೂರನೆಯದನ್ನು ನೋಡಿದ ಕಥೆ ಇದು.

ಷರತ್ತಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಆಫೀಸಿನವರು ಕೊಟ್ಟ ಬಿರುದು. ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಅವರದು. ಒಡೆದ ಟಿವಿ, ಸುಟ್ಟ ಸೋಫಾ, ಕಳೆದುಹೋದ ಸೂಟ್‌ಕೇಸು ಎಲ್ಲವೂ ಕಾಗದದ ರೂಪದಲ್ಲಿ ಅವರ ಮೇಜಿಗೆ ಬರುತ್ತವೆ. ಅರ್ಜಿದಾರರು ಎದುರಿಗೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರೆ, ಇವರು ಪಾಲಿಸಿಯ ಹನ್ನೊಂದನೇ ಪುಟ ತೆಗೆದು, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಪೆನ್ಸಿಲ್ ಊರಿ, "ಸಹಿ ಮಾಡೋ ಮುಂಚೆ ಓದ್ಬೇಕಿತ್ತು ನೀವು" ಎನ್ನುತ್ತಾರೆ. (ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಒಮ್ಮೆ ಹೀಗೆಂದಿದ್ದರು. ಆಮೇಲೆ ಒಂದು ವಾರ ಹೋಟೆಲ್ ಊಟ.)

ಹೊಸ ಮನೆ ಗೊತ್ತಾದ ಮೇಲೆ ಸಾಮಾನು ಸಾಗಿಸುವ ಕಂಪನಿಯವನು ಬಂದ. ಕೋಣೆ ಕೋಣೆ ತಿರುಗಿ, ಮಂಚದ ಕೆಳಗೂ ಇಣುಕಿ, ಒಂದು ಮೊತ್ತ ಹೇಳಿದ. ಷರತ್ತಪ್ಪನವರು ಎರಡು ಲೋಟ ನೀರು ಕುಡಿದು ಅವನನ್ನು ಬಾಗಿಲವರೆಗೆ ಬೀಳ್ಕೊಟ್ಟರು.

"ಬರೀ ಲಾರಿ ತಗೊಳ್ಳೋಣ. ಪ್ಯಾಕಿಂಗ್ ನಾವೇ ಮಾಡೋಣ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು" ಎಂದರು.

"ನಾವೇ ಅಂದ್ರೆ ಯಾರು?" ಎಂದಳು ಹೆಂಡತಿ.

"ಯಾಕೆ, ನಾನಿಲ್ವಾ?"

"ಹೋದ ವಾರ ಊಟದ ಡಬ್ಬಿ ನೀವೇ ಕಟ್ಕೊಂಡ್ರಿ. ಬ್ಯಾಗಲ್ಲಿದ್ದ ಫೈಲುಗಳಿಗೆಲ್ಲ ಒಗ್ಗರಣೆ ಬಿತ್ತು."

"ಅದು ಮುಚ್ಚಳದ ದೋಷ."

"ಯಾರ ದೋಷನಾದ್ರೂ ಆಗ್ಲಿ. ಮಂಚ ಮುರೀರಿ, ಬೀರು ಬೀಳಿಸಿ, ನಾನು ಕೇಳಲ್ಲ. ಅಪ್ಪನ ಕಪ್ಪುಗಳಿಗೆ ಮಾತ್ರ ಕೂದಲೆಳೆಯಷ್ಟು ಬಿರುಕು ಬಿಟ್ರೂ ನಿಮ್ಮನ್ನ ಕ್ಷಮಿಸಲ್ಲ. ಈಗ್ಲೇ ಹೇಳಿದೀನಿ."

ಇದು ತಮಾಷೆಯ ಮಾತಾಗಿರಲಿಲ್ಲ. ನೀಲಿ ಅಂಚಿನ ಆರು ಬಿಳಿ ಪಿಂಗಾಣಿ ಕಪ್ಪುಗಳು, ಆರು ಸಾಸರುಗಳು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು. ಅವಳ ಅಪ್ಪ ಮೊದಲ ಸಂಬಳದಲ್ಲಿ ತಂದದ್ದು. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಅವುಗಳ ಧೂಳು ಒರೆಸುವಾಗ ಅವಳು ಈಗಲೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರು ಪ್ರತ್ಯಕ್ಷರಾದರು. "ಅಳಿಯಂದಿರೇ, ಮನೇಲಿ ಗಟ್ಟಿ ದಾರ ಇದೆಯಾ?"

ಈ ಪ್ರಶ್ನೆಯ ಹಿಂದೆ ಮೂವತ್ತೊಂದು ವರ್ಷದ ಇತಿಹಾಸವಿತ್ತು. ಅತ್ತೆಯವರು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಅವರ ಕೈದಾಟಿ ಹೋದ ಒಂದು ಪಾರ್ಸೆಲ್ಲೂ ಒಡೆದ ದೂರು ಬಂದಿರಲಿಲ್ಲವಂತೆ. ಈ ‘ಅಂತೆ’ಯನ್ನು ಷರತ್ತಪ್ಪನವರು ಬಹುಕಾಲ ಅನುಮಾನದಿಂದ ಕಂಡಿದ್ದರು. ಮುಂದಿನ ನಾಲ್ಕು ದಿನ ಅವರ ಪ್ಯಾಕಿಂಗು ನೋಡಿದ ಮೇಲೆ ಅನುಮಾನಿಸುವ ಧೈರ್ಯ ಉಳಿಯಲಿಲ್ಲ.

ಮೊದಲ ದಿನವೇ ಮೂಲೆಯ ಔಷಧಿ ಅಂಗಡಿಯಿಂದ ರಟ್ಟಿನ ಡಬ್ಬಗಳು ಪುಕ್ಕಟೆಯಾಗಿ ಬಂದವು. ಗುಳ್ಳೆ ಪ್ಲಾಸ್ಟಿಕ್ ಕೊಂಡು ತರಲು ಹೊರಟ ಅಳಿಯನನ್ನು ಅತ್ತೆ ಅಲ್ಲೇ ತಡೆದರು. "ಬೀರು ತುಂಬ ಟವೆಲ್ಲು, ಸ್ವೆಟರು, ಹೊದಿಕೆ ಇಟ್ಕೊಂಡು ಗಾಳಿಗೆ ದುಡ್ಡು ಕೊಡ್ತೀರಾ?" ತಟ್ಟೆಗಳನ್ನು ಮಲಗಿಸಲಿಲ್ಲ, ಪುಸ್ತಕದ ಹಾಗೆ ನಿಲ್ಲಿಸಿದರು. ಮಲಗಿದ ತಟ್ಟೆ ಮೇಲಿನವರ ಭಾರಕ್ಕೆ ಸಾಯುತ್ತದೆ, ನಿಂತ ತಟ್ಟೆ ಬದುಕುತ್ತದೆ ಎಂಬುದು ಅವರ ಸಿದ್ಧಾಂತ. ಷರತ್ತಪ್ಪನವರ ಎಂಟು ಜೊತೆ ಕಾಲುಚೀಲಗಳು ಎಂಟು ಗಾಜಿನ ಲೋಟಗಳಿಗೆ ಅಂಗಿಯಾದವು. ಮಂಚ ಬಿಚ್ಚಿದಾಗ ಅದರ ತಿರುಪುಗಳು ಬಟ್ಟೆಯ ಚೀಲದಲ್ಲಿ ಕೂತು ಮಂಚದ ಕಾಲಿಗೇ ಕಟ್ಟಿಸಿಕೊಂಡವು. ಪ್ರತಿ ಡಬ್ಬವನ್ನೂ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ತೂಕವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಹಳೆಯ ಹಾಸಿಗೆ ಬಟ್ಟೆ ಸುತ್ತಿ ಹೊಲಿದು, ದಾರ ಬಿಗಿದು, ಗಂಟಿನ ಮೇಲೆ ಕೆಂಪು ಅರಗು ಸುರಿದರು. ದಪ್ಪ ಬೆರಳುಗಳು, ಆದರೆ ಗಂಟು ಹಾಕುವಾಗ ಅವು ಎಲ್ಲಿ ಹೋಗಿ ಎಲ್ಲಿ ಬಂದವು ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ. ಷರತ್ತಪ್ಪನವರು ನಿಜಕ್ಕೂ ಬಾಯಿಬಿಟ್ಟು ನೋಡುತ್ತಾ ನಿಂತುಬಿಟ್ಟರು.

ಡಬ್ಬಗಳ ಮೇಲೆ ಒಳಗೇನಿದೆ ಎಂದು ಬರೆಯಕೂಡದು, ನಂಬರು ಮಾತ್ರ ಇರಲಿ, ಕಳ್ಳರಿಗೆ ಸುಳಿವು ಸಿಗಬಾರದು ಎಂಬ ಒಂದೇ ಒಂದು ಸಲಹೆ ಅಳಿಯನದು. ಅತ್ತೆ ಒಪ್ಪಿದರು. ಕಪ್ಪುಗಳದ್ದು ಇಪ್ಪತ್ತಮೂರು.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಷರತ್ತಪ್ಪನವರ ತಲೆಯಲ್ಲಿ ಹೊಸ ಮನೆಯ ಬೀಗದ ಕೈ ಕುಟುಕುತ್ತಿತ್ತು. ಇದ್ದದ್ದು ಒಂದೇ. ಕಳೆದರೆ ಬೀಗ ಒಡೆಸಿ ಬಾಗಿಲನ್ನೂ ನೀವೇ ಮಾಡಿಸಿಕೊಡಬೇಕು ಎಂದು ಮನೆ ಮಾಲೀಕರು ಹೇಳಿದ್ದರು. ಜೇಬಿನಲ್ಲಿಡೋಣವೆಂದರೆ ಜೇಬಿನಿಂದ ಬಿದ್ದ ವಸ್ತುಗಳ ಅರ್ಜಿಗಳೇ ಅವರ ಆಫೀಸಿನ ಅರ್ಧ ಕಪಾಟು ತುಂಬಿದ್ದವು. ಯೋಚಿಸಿ ಯೋಚಿಸಿ ಅವರಿಗೆ ಜ್ಞಾನೋದಯವಾಯಿತು: ಈ ಭೂಮಂಡಲದಲ್ಲಿ ಅತ್ಯಂತ ಭದ್ರವಾದ ಜಾಗ ಅತ್ತೆಯವರ ಪ್ಯಾಕಿಂಗು. ಅದರಲ್ಲೂ ಇಪ್ಪತ್ತಮೂರನೆಯದು. ನಾಲ್ಕನೇ ದಿನ ಮಧ್ಯಾಹ್ನ, ಡಬ್ಬ ತೂಗಿಯಾಗಿತ್ತು, ಹೊಲಿದಿರಲಿಲ್ಲ. ಅತ್ತೆ ಅರಗು ಕರಗಿಸಲು ಒಳಗೆ ಹೋದಾಗ ಇವರು ಬೀಗದ ಕೈಯನ್ನು ಮೆಲ್ಲಗೆ ಟವೆಲ್ಲುಗಳ ನಡುವೆ ತೂರಿಸಿದರು. ಯಾರಿಗೂ ಹೇಳಲಿಲ್ಲ. ಗುಟ್ಟು ಇಬ್ಬರಿಗೆ ಗೊತ್ತಾದರೆ ಗುಟ್ಟಲ್ಲ ಎಂಬುದು ಅವರ ಆಫೀಸಿನ ಅನುಭವ.

ಮರುದಿನ ಬೆಳಿಗ್ಗೆ ಲಾರಿ ಬಂತು. ಮೊದಲ ನಾಲ್ಕು ಗಂಟೆಗೆ ಒಂದು ಬಾಡಿಗೆ, ಆಮೇಲಿನ ಪ್ರತಿ ಗಂಟೆಗೂ ಬೇರೆ ಎಂದು ಮಾತಾಗಿತ್ತು. ಅತ್ತೆ ನಿಂತು ತುಂಬಿಸಿದರು. ಒಡೆಯುವಂಥವು ಚಾಲಕನ ಬೆನ್ನಿಗೆ, ಎಲ್ಲಕ್ಕಿಂತ ಒಳಗೆ. ಅಲ್ಲಿ ಕುಲುಕು ಕಡಿಮೆಯಂತೆ. ಅವುಗಳ ಮುಂದೆ ಮಂಚ, ಬೀರು, ಉಳಿದ ಪಾರ್ಸೆಲ್ಲುಗಳು. ಹಳೆ ಮನೆ ಗುಡಿಸಿ ಮಾಲೀಕರಿಗೆ ಒಪ್ಪಿಸಿ ತಾಯಿ ಮಗಳು ಆಮೇಲೆ ಬರುವುದೆಂದಾಯಿತು.

ಷರತ್ತಪ್ಪನವರು ಲಾರಿ ಹತ್ತುವಾಗ ಅತ್ತೆ ಒಂದು ಕಂದು ಲಕೋಟೆ ಚಾಚಿ, ನೋಟ್‌ಬುಕ್ ತೆರೆದರು. "ಅಳಿಯಂದಿರೇ, ಇಲ್ಲೊಂದು ಸಹಿ."

ಎರಡು ದಿನದಲ್ಲಿ ಇದು ಐದನೇ ಲಕೋಟೆ. ಮಡಚದಿರಲೆಂದು ಪ್ರತಿಯೊಂದರೊಳಗೂ ರಟ್ಟು, ರಟ್ಟಿನ ಜೊತೆ ಒಂದು ಸೂಚನೆ. ಹಿಂದಿನದರಲ್ಲಿ ‘ಲಾರಿಯ ಕಿಟಕಿಯಿಂದ ಕೈ ಹೊರಗೆ ಹಾಕಬಾರದು’ ಎಂದಿತ್ತು. ಷರತ್ತಪ್ಪನವರು ಗೀಚಿ, ಲಕೋಟೆಯನ್ನು ಕೋಟಿನ ಒಳಜೇಬಿಗೆ ಸೇರಿಸಿ, "ಆಯ್ತು ಅತ್ತೆ, ಕೈ ಒಳಗೇ ಇಟ್ಕೋತೀನಿ" ಎಂದರು.

ಹೊಸ ಮನೆಯ ಮುಂದೆ ಲಾರಿ ನಿಂತಿತು. ಚಾಲಕ ಹಿಂಬಾಗಿಲು ಇಳಿಸಿ, "ಬಾಗ್ಲು ತೆಗೀರಿ ಸಾರ್" ಎಂದ.

ಷರತ್ತಪ್ಪನವರು ಬೀಗದ ಕಡೆ ನೋಡಿದರು. ಆಮೇಲೆ ಲಾರಿಯ ಕಡೆ ನೋಡಿದರು. ಬೀಗದ ಕೈ ಎಲ್ಲಕ್ಕಿಂತ ಒಳಗೆ, ಬೀರು ಮಂಚಗಳ ಆಚೆ ಭದ್ರವಾಗಿತ್ತು. ಅತಿ ಭದ್ರವಾಗಿತ್ತು.

"ಮೊದ್ಲು ಎಲ್ಲ ಇಲ್ಲೇ ಫುಟ್‌ಪಾತ್ ಮೇಲೆ ಇಳಿಸೋಣ" ಎಂದರು.

"ಮನೆ ಒಳಗಲ್ವಾ ಸಾರ್?"

"ಗಾಳಿಯಾಡ್ಲಿ ಅಂತ."

ಚಾಲಕನೂ ಅವನ ಜೊತೆಗಿದ್ದ ಹಮಾಲಿಯೂ ಮುಖ ಮುಖ ನೋಡಿಕೊಂಡು ಇಳಿಸತೊಡಗಿದರು. ಮಂಚ, ಬೀರು, ಸ್ಟೂಲು, ಮಡಚುವ ಮೇಜು ಬೀದಿಯುದ್ದಕ್ಕೂ ಸಾಲುಗಟ್ಟಿದವು. ನಡೆದು ಬರುತ್ತಿದ್ದ ಮುದುಕರೊಬ್ಬರು ಸ್ಟೂಲಿನ ಮೇಲೆ ಕೂತು ನೋಡಿ, ಎಷ್ಟಕ್ಕೆ ಕೊಡುತ್ತೀರಿ ಎಂದರು. ಇದು ಮಾರೋದಲ್ಲ ಎಂದರೆ, ಎಲ್ಲರೂ ಮೊದಲು ಹಾಗೇ ಅನ್ನೋದು ಎಂದು ಚೌಕಾಸಿ ಮುಂದುವರಿಸಿದರು.

ಒಂದೂವರೆ ಗಂಟೆಯ ಮೇಲೆ ಇಪ್ಪತ್ತಮೂರು ಕೈಗೆ ಸಿಕ್ಕಿತು. ಈಗ ಗಂಟು. ಎಳೆದರೆ ಬಿಗಿಯಿತು, ಸಡಿಲಿಸಿದರೂ ಬಿಗಿಯಿತು. ಕತ್ತರಿ ಯಾವುದೋ ನಂಬರಿನ ಪಾರ್ಸೆಲ್ಲಿನಲ್ಲಿತ್ತು, ನಂಬರುಗಳ ಪಟ್ಟಿ ಅತ್ತೆಯವರ ಬಳಿ ಇತ್ತು. ಹಮಾಲಿ ಹಲ್ಲು ಹಾಕಿ ನೋಡಿ, ಹಲ್ಲಿನ ಮೇಲೆ ಕನಿಕರವಾಗಿ ಬಿಟ್ಟ. ಕೊನೆಗೆ ಚಾಲಕನ ಗರಗಸದ ಅಲಗಿನಿಂದ ಅರ್ಧ ಗಂಟೆ ಉಜ್ಜಿ ದಾರ ಹರಿದದ್ದಾಯಿತು. ಷರತ್ತಪ್ಪನವರು ಒಂದೊಂದೇ ಕಪ್ಪು ತೆಗೆದು ಮೇಜಿನ ಮೇಲಿಟ್ಟರು. ಟವೆಲ್ಲು ಕೊಡವಿದರು. ಡಬ್ಬ ಬೋರಲು ಹಾಕಿದರು.

ಬೀಗದ ಕೈ ಇರಲಿಲ್ಲ.

ಅದೇ ಹೊತ್ತಿಗೆ ಆಟೋ ಬಂದು ನಿಂತಿತು. ಹೆಂಡತಿ ಇಳಿದವಳೇ ಬೀದಿಯ ಮೇಜಿನಲ್ಲಿ, ಹೋಗುವ ಬರುವ ಸೈಕಲ್ಲುಗಳ ಪಕ್ಕದಲ್ಲಿ, ಅಪ್ಪನ ಕಪ್ಪುಗಳನ್ನು ಕಂಡಳು. "ಏನ್ರೀ ಇದು?"

ಷರತ್ತಪ್ಪನವರು ತಪ್ಪೊಪ್ಪಿಕೊಂಡರು. ಅರ್ಧಕ್ಕೇ ಅತ್ತೆಯವರು ಕೈಯೆತ್ತಿದರು.

"ಹೊಲಿಯೋ ಮುಂಚೆ ಇನ್ನೊಂದ್ಸಲ ತೂಗ್ದೆ ಅಳಿಯಂದಿರೇ. ನಲವತ್ತು ಗ್ರಾಂ ಜಾಸ್ತಿ ಬಂತು. ಪಿಂಗಾಣಿ ಜೊತೆ ಕಬ್ಬಿಣ ಯಾರಾದ್ರೂ ಹಾಕ್ತಾರಾ? ದಾರೀಲಿ ಆರಕ್ಕೆ ಆರೂ ಚೂರಾಗ್ತಿದ್ವು. ತೆಗೆದು ನಿಮಗೇ ವಾಪಸ್ ಕೊಟ್ನಲ್ಲ."

"ನನಗಾ? ಯಾವಾಗ?"

ಅತ್ತೆ ನೋಟ್‌ಬುಕ್ ತೆರೆದು ಹಿಡಿದರು. ‘ಬೀಗದ ಕೈ ಒಂದು, ಲಕೋಟೆಯಲ್ಲಿ. ಸ್ವೀಕರಿಸಿದ್ದೇನೆ.’ ಅದರ ಕೆಳಗೆ ಷರತ್ತಪ್ಪನವರ ಸಹಿ, ಎರಡು ಗೆರೆ ಎಳೆದು, ಆಫೀಸಿನಲ್ಲಿ ಮಾಡುವ ಹಾಗೇ. ಒಳಜೇಬಿನ ಲಕೋಟೆಯ ಮೇಲೂ ದಪ್ಪ ಅಕ್ಷರದಲ್ಲಿ ಅದೇ ಬರೆದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು.

ಹೆಂಡತಿ ಒಂದೊಂದೇ ಕಪ್ಪನ್ನು ಎತ್ತಿ ಬೆಳಕಿಗೆ ಹಿಡಿದಳು. ಆರೂ ಇದ್ದವು, ಒಂದು ಗೀರೂ ಇರಲಿಲ್ಲ. ಅವಳು ಅಮ್ಮನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಬಹಳ ಮೃದುವಾಗಿ, "ಸಹಿ ಮಾಡೋ ಮುಂಚೆ ಓದ್ಬೇಕಿತ್ತು ನೀವು" ಎಂದಳು.

ಷರತ್ತಪ್ಪನವರು ಹನ್ನೆರಡು ವರ್ಷದ ನೌಕರಿಯಲ್ಲಿ ಎಷ್ಟು ಜನರಿಗೆ ಈ ಮಾತು ಹೇಳಿದ್ದರೋ ಅಷ್ಟೂ ಜನರ ಮುಖ ಒಟ್ಟಿಗೆ ನೆನಪಾಯಿತು.

ಸಂಜೆ ಹೊಸ ಅಡುಗೆಮನೆಯಲ್ಲಿ ಚಹಾ ಆಯಿತು. ಇವತ್ತು ಅಪ್ಪನ ಕಪ್ಪಲ್ಲೇ ಕುಡಿಯೋಣ ಎಂದು ಹೆಂಡತಿಯೇ ಹೇಳಿದಳು. ಚಾಲಕನಿಗೂ ಹಮಾಲಿಗೂ ಅದೇ ಕಪ್ಪಿನಲ್ಲಿ ಸಿಕ್ಕಿತು. ಷರತ್ತಪ್ಪನವರು ಕೈ ಚಾಚಿದಾಗ ಅತ್ತೆ ಮೊದಲು ನೋಟ್‌ಬುಕ್ ಮುಂದಿಟ್ಟರು.

‘ಕಪ್ಪು ಒಂದು, ಸಾಸರು ಒಂದು, ಸುಸ್ಥಿತಿಯಲ್ಲಿ. ತೊಳೆದು ಹಿಂದಿರುಗಿಸುವುದು. ಲಾರಿ ಹೆಚ್ಚಿಗೆ ಕಾದ ಗಂಟೆಗಳ ಬಾಡಿಗೆ ಸಹಿ ಮಾಡಿದವರದು.’

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹಿಂದಿನ ಪುಟ, ಮುಂದಿನ ಪುಟ ತಿರುವಿ ನೋಡಿದರು. ಚಹಾ ಆರುತ್ತಿತ್ತು. ಸಹಿ ಮಾಡಿದರು.