ಕೋಟೆಯೋ ದೊಡ್ಡಿಯೋ

ಪ್ರವಾಸ ಮುಗಿಸಿ ಬಂದವರ ಮಾತಿನಲ್ಲಿ ಗೋಡೆಗಳು ಬೆಳೆಯುತ್ತವೆ. ಐರ್ಲೆಂಡಿನಲ್ಲಿ ನಾನು ಕಂಡ ಮಧ್ಯಯುಗದ ದುಂಡು ಕಲ್ಲುಕೋಟೆ, ಪ್ರಿನ್ಸ್‌ಟನ್ ಪಕ್ಕದ ವೆಸ್ಟ್ ವಿಂಡ್ಸರಿನ ನಮ್ಮ ಮನೆಗೆ ಬರುವಷ್ಟರಲ್ಲಿ ಮೂರಾಳು ಎತ್ತರವಾಗಿತ್ತು. ಫೋಟೋದಲ್ಲಿ ಅದು ನನ್ನ ಹೆಂಡತಿ ಶಾರದೆಗಿಂತ ಒಂದೆರಡು ಮೊಳವಷ್ಟೇ ಹೆಚ್ಚು. ಅಂದು ಮಳೆಯಿತ್ತೆಂದು ನನ್ನ ನೆನಪು, ಫೋಟೋದಲ್ಲಿ ಬಿಸಿಲು. ನಾನು ಫೋಟೋವನ್ನೇ ಅನುಮಾನಿಸಿದೆ.

ನನ್ನ ಮಾತು ನಂಬಿ ಇಲ್ಲಿಯ ಕನ್ನಡದವರು ಭಾನುವಾರ ನನ್ನ ಭಾಷಣ ಇಟ್ಟರು: ‘ಐರ್ಲೆಂಡಿನ ಮಹಾಕೋಟೆ’. ಮಾತಾಡಲು ನನ್ನನ್ನು ಕರೆದದ್ದು ಅದೇ ಮೊದಲು. ಮನೆಯಲ್ಲಿ ಅಭ್ಯಾಸ ಮಾಡಿದ್ದೇ ತಪ್ಪಾಯಿತು. ಶಾರದೆ ಚಿತ್ರದುರ್ಗದವಳು.

“ಬುರುಜು ಇತ್ತಾ?” ಎಂದಳು, ತಾನು ನೋಡೇ ಇಲ್ಲವೆಂಬಂತೆ.

“ಇಲ್ಲ.”

“ಕಂದಕ?”

“ಅದೂ ಇಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ.”

“ಅಗೆದವರಿಗೆ ಏನ್ ಸಿಕ್ತು?”

“ಮನೆಯ ಪಾಯ, ಒಲೆ ಬೂದಿ, ದನದ ಮೂಳೆ.”

“ಹಂಗಾದ್ರೆ ಅದು ದೊಡ್ಡಿ ಕಣ್ರೀ. ದುರ್ಗದವಳ ಎದುರಿಗೆ ಕೋಟೆ ಅನ್ಬೇಡಿ.”

ಮಗಳು ಫೋನಿನಿಂದ ತಲೆಯೆತ್ತದೆ, “ವಾಟ್ಸ್ ದೊಡ್ಡಿ? ಲೈಕ್ ಡ್ಯಾಡಿ?” ಎಂದಳು.

“ಹೆಚ್ಚುಕಮ್ಮಿ” ಎಂದಳು ಅವಳಮ್ಮ.

ಉತ್ಖನನ ಮಾಡಿದವರು ಹೇಳುವುದೂ ಅದನ್ನೇ: ಅನುಕೂಲಸ್ಥ ರೈತನೊಬ್ಬ ಮನೆ, ಮಂದಿ, ದನಕರು ಎಲ್ಲಕ್ಕೂ ಸೇರಿಸಿ ಹಾಕಿಕೊಂಡ ಸುತ್ತುಗೋಡೆ. ಆದರೆ ದೊಡ್ಡಿಯ ಕಥೆ ಕೇಳಲು ಪ್ರಿನ್ಸ್‌ಟನ್ನಿನಿಂದ ಯಾರು ಡ್ರೈವ್ ಮಾಡಿಕೊಂಡು ಬರುತ್ತಾರೆ? ಕೋಟೆ ಎಂದೇ ಹೇಳುವುದೆಂದು ನಿರ್ಧರಿಸಿದೆ.

ಭಾನುವಾರ ಎದ್ದು ನಿಂತೆ. ಶಾರದೆ ಮೊದಲ ಸಾಲಿನಲ್ಲಿ ಕೂತು ಕನ್ನಡಕ ಸರಿಪಡಿಸಿಕೊಂಡಳು. “ಈ ಮಹಾ...” ಎಂದವನ ಬಾಯಿಂದ “ದೊಡ್ಡಿ” ಎಂದು ಹೊರಬಿತ್ತು. ಫೋನು ನೋಡುತ್ತಿದ್ದವರೆಲ್ಲ ಎಚ್ಚೆತ್ತರು. ಹಿಂದಿನಿಂದ ಹಿರಿಯರೊಬ್ಬರು, “ದನ ಒಳಗ ಹ್ಯಾಂಗ ಬರ್ತಿದ್ವುರೀ? ಬಾಗಲಾ ಎಷ್ಟು ಅಗಲ ಇತ್ತು?” ಎಂದು ಕೇಳಿದರು. ನನಗೆ ಬಾಗಿಲೇ ನೆನಪಾಗಲಿಲ್ಲ.

“ಎರಡು ದನ ಜೊತೆಗೆ ನುಗ್ಗೋವಷ್ಟು ಇತ್ತು ಅಂಕಲ್” ಎಂದಳು ಶಾರದೆ. “ನಾನು ಅಲ್ಲೇ ನಿಂತು ನೋಡ್ದೆ. ಇವ್ರು ಕಾಫಿ ಹುಡುಕ್ಕೊಂಡು ಹೋಗಿದ್ರು.”

ಜನ ನಕ್ಕರು. ಆಮೇಲಿನ ಪ್ರಶ್ನೆಗಳೆಲ್ಲ ಅವಳಿಗೇ. ಪರದೆಯ ಮೇಲೆ ಫೋಟೋಗಳು ಒಂದೊಂದಾಗಿ ಸರಿದವು, ಒಂದರಲ್ಲೂ ನಾನಿರಲಿಲ್ಲ. ತೆಗೆದವನು ನಾನೇ ಎಂದು ಇಷ್ಟು ದಿನ ತಿಳಿದಿದ್ದೆ, ತೆಗೆದದ್ದು ಮಗಳಂತೆ.

ಮುಂದಿನ ಸಲಕ್ಕೆ ಶಾರದೆಯನ್ನು ಕರೆದಿದ್ದಾರೆ. ಕೋಟೆ ಎಂದೇ ಹಟ ಹಿಡಿದಿದ್ದರೆ ಸೋತ ರಾಜನೆಂಬ ಹೆಸರಾದರೂ ಉಳಿಯುತ್ತಿತ್ತು. ದೊಡ್ಡಿ ಎಂದು ನಾನೇ ಒಪ್ಪಿಕೊಂಡ ಮೇಲೆ, ಸಂಜೆಯಾದಾಗ ತಲೆ ತಗ್ಗಿಸಿ ಒಳಗೆ ಹೋಗುವುದೊಂದೇ ಕೆಲಸ.